ಕಾರಿನ ಪಿಕಪ್ ಅಳೆಯಲು ಮುನ್ನೂರು ಮೀಟರ್ ರಸ್ತೆ ಸಾಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಕಾರಿನ ಪರಿಚಯ ಬಂದಾಗಲೆಲ್ಲ, ಅದು ನಿಂತಲ್ಲಿಂದ ಹೊರಟು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂಬ ಅಂಕಿ ಅದರಲ್ಲಿ ಇದ್ದೇ ಇರುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೋ ಸಾಗರಕ್ಕೋ ಹೊಸನಗರಕ್ಕೋ ಓಡಾಡುವ ನಮ್ಮಂಥವರಿಗೆ ಆ ಅಂಕಿಯಿಂದ ಆಗುವ ಪ್ರಯೋಜನ ಬಹಳ ಕಡಿಮೆ. ನಮಗೆ ತಿಳಿಯಬೇಕಾದದ್ದು ಬೇರೆಯೇ ಇದೆ. ಏರುದಾರಿಯಲ್ಲಿ ಲಾರಿಯೊಂದರ ಹಿಂದೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ, ಒಳಗೆ ನಾಲ್ಕು ಜನ ಕುಳಿತು ಡಿಕ್ಕಿ ತುಂಬ ಸಾಮಾನಿರುವಾಗ, ಮಳೆಗೆ ಮಸುಕಾಗುವ ಗಾಜಿಗಾಗಿ ಎ.ಸಿ. ಹಾಕಿಕೊಂಡಿರುವಾಗ, ಮೂರನೇ ಗೇರಿನಲ್ಲಿ ನಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ 60ಕ್ಕೆ ಏರುತ್ತದೆ ಎಂಬುದು ನಮಗೆ ಗೊತ್ತಿರಬೇಕು. ಈ ಅಂಕಿಯನ್ನು ಯಾವ ಕಾರಿನ ಕೈಪಿಡಿಯಲ್ಲೂ ನಾನು ಕಂಡಿಲ್ಲ. ಆದರೆ ಅದನ್ನು ಮನೆಯಲ್ಲೇ ಮಾಡಿಕೊಂಡ ಸಾಧನದಿಂದ, ಕಾನೂನಿನ ವೇಗಮಿತಿಯೊಳಗೇ, ಸಾಕಷ್ಟು ನಿಖರವಾಗಿ ಅಳೆದುಕೊಳ್ಳಲು ಬರುತ್ತದೆ. ನಾವು ಅಳೆದಿದ್ದೇವೆ. ಅದನ್ನು ನಿಮ್ಮ ಓದುಗರಿಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತಳಾದವಳು. ತೀರ್ಥಹಳ್ಳಿ ಕಡೆ ನಮ್ಮದೊಂದು ಅಡಿಕೆ ತೋಟವಿದೆ. ವಾರಕ್ಕೆ ಎರಡು ಸಲವಾದರೂ ನಾನೇ ಕಾರು ಓಡಿಸಿಕೊಂಡು ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಅಲ್ಲಿಗೆ ಹೋಗಿ ಬರುತ್ತೇನೆ. ಕಾರು ಎಪ್ಪತ್ತು ಸಾವಿರ ಕಿ.ಮೀ. ಓಡಿದ ಸಣ್ಣ ಪೆಟ್ರೋಲ್ ಗಾಡಿ. ಕಳೆದ ಕೊಯ್ಲಿನ ಸಮಯದಲ್ಲಿ ಅದರ ಎಳೆತ ಕಡಿಮೆಯಾಗಿದೆ ಎಂದು ನನಗೆ ಅನ್ನಿಸತೊಡಗಿತು. ಖಾಲಿ ಗಾಡಿಯಲ್ಲಿ ಒಬ್ಬಳೇ ಹೋಗುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಆಳುಗಳನ್ನು ಕೂರಿಸಿಕೊಂಡು ಏರು ಹತ್ತುವಾಗ ಮಾತ್ರ ಕಾರು ಹಿಂದೆ ಬಿದ್ದಂತೆ, ಎಂಜಿನ್ ಕೂಗಿದಷ್ಟು ಗಾಡಿ ಮುಂದೆ ಹೋಗದಂತೆ ತೋರುತ್ತಿತ್ತು. ಸರ್ವಿಸ್‌ಗೆ ಬಿಟ್ಟಾಗ ಇದನ್ನು ವಿವರವಾಗಿ ಹೇಳಿದೆ. ಸಂಜೆ ಗಾಡಿ ವಾಪಸು ಕೊಡುವಾಗ, "ಎಲ್ಲ ಸರಿಯಾಗಿದೆ ಮೇಡಂ, ನೀವು ಗೇರ್ ಇಳಿಸುವುದನ್ನು ತಡ ಮಾಡುತ್ತೀರಿ, ಅಷ್ಟೇ" ಎಂದರು. ಎರಡನೇ ಸಲ ಹೋದಾಗ ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್ ಬದಲಿಸಿ ಬಿಲ್ ಕೊಟ್ಟರು. ಎಳೆತ ಇದ್ದಂತೆಯೇ ಇತ್ತು. ನನಗೆ ಬೇಸರವಾದದ್ದು ಬಿಲ್ಲಿನ ಮೊತ್ತಕ್ಕಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ದಾರಿಯಲ್ಲಿ ಕಾರು ಓಡಿಸುತ್ತಿರುವವಳ ಮಾತಿಗೆ ಬೆಲೆ ಸಿಗಲಿಲ್ಲ, ಮತ್ತು ಆ ಮಾತಿನ ಬೆಂಬಲಕ್ಕೆ ಇಡಲು ನನ್ನ ಕೈಯಲ್ಲಿ ಒಂದು ಅಂಕಿಯೂ ಇರಲಿಲ್ಲ.

ಗ್ಯಾರೇಜಿನಲ್ಲಿ ಪಿಕಪ್ ಎನ್ನುವುದನ್ನೇ ನಮ್ಮ ಪಠ್ಯಪುಸ್ತಕಗಳು ವೇಗೋತ್ಕರ್ಷ ಎನ್ನುತ್ತವೆ. ಪುಸ್ತಕದ ಮಾನದಲ್ಲಿ ಹೇಳಿದರೆ ಹಲವರಿಗೆ ತೊಡಕಾಗಬಹುದು, ಆದ್ದರಿಂದ ಈ ಪತ್ರದುದ್ದಕ್ಕೂ ಒಂದು ಸುಲಭವಾದ ಮಾನವನ್ನು ಬಳಸುತ್ತೇನೆ: ಪ್ರತಿ ಸೆಕೆಂಡಿಗೆ ಕಾರಿನ ವೇಗ ಗಂಟೆಗೆ ಎಷ್ಟು ಕಿ.ಮೀ.ನಷ್ಟು ಏರುತ್ತದೆ ಎಂಬುದು. ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಹೋಗಲು 6 ಸೆಕೆಂಡ್ ಬೇಕಾದರೆ ಆ ಕಾರಿನ ಪಿಕಪ್ ಸೆಕೆಂಡಿಗೆ 5 ಕಿ.ಮೀ. ಎಂದಾಯಿತು. ಕೈಬಿಟ್ಟ ಕಲ್ಲು ಭೂಮಿಯ ಸೆಳೆತಕ್ಕೆ ಬೀಳುವಾಗ ಈ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗ ಪಡೆಯುತ್ತದೆ. ಈ 35ನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬರುವ ತೊಡಕೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಸ್ಟಾಪ್‌ವಾಚ್ ಹಿಡಿದು ಸ್ಪೀಡೋಮೀಟರ್ ನೋಡುತ್ತ ಅಳೆದರಾಗದೇ ಎಂದು ಕೇಳಬಹುದು. ಅದರಲ್ಲಿ ಎರಡು ದೋಷಗಳಿವೆ. ಮುಳ್ಳು 60 ದಾಟಿದ್ದನ್ನು ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ, ಮತ್ತು ಆ ತಡ ಪ್ರತಿ ಸಲವೂ ಒಂದೇ ಸಮ ಇರುವುದಿಲ್ಲ. ಎರಡನೆಯದಾಗಿ ಸ್ಪೀಡೋಮೀಟರ್ ಹೆಚ್ಚು ತೋರಿಸುವಂತೆಯೇ ಮಾಡಿದ್ದಾಗಿರುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸುವುದಾದರೆ ನಿಜವಾದ ವೇಗದ ಹತ್ತನೇ ಒಂದು ಭಾಗದ ಮೇಲೆ ಇನ್ನೂ 4 ಕಿ.ಮೀ. ವರೆಗೆ ತೋರಿಸಬಹುದು. ಅಂದರೆ ಕಾರು 60ರಲ್ಲಿ ಓಡುತ್ತಿರುವಾಗ ಮುಳ್ಳು 70ರ ಮೇಲೆ ನಿಂತಿದ್ದರೂ ಅದು ನಿಯಮದೊಳಗೇ ಇದೆ. ಅಪಘಾತ ತಪ್ಪಿಸಲು ಇದು ಒಳ್ಳೆಯದು, ಅಳತೆಗೆ ಮಾತ್ರ ಒದಗುವುದಿಲ್ಲ.

ಹಳೆಯ ಪ್ರಯೋಗಶಾಲೆಯ ಅಭ್ಯಾಸದಂತೆ ನಾನು ಮೊದಲು ಮಾಡಿದ್ದು ಲೋಲಕ. ದೊಡ್ಡ ಕೋನಮಾಪಕವೊಂದನ್ನು ರಟ್ಟಿಗೆ ಅಂಟಿಸಿ, ಅದರ ನಡುವಿನಿಂದ ದಾರದಲ್ಲಿ ಸೀಸದ ಗುಂಡು ಇಳಿಬಿಟ್ಟು, ಎಡಗಡೆಯ ಕಿಟಕಿಗೆ ಕಟ್ಟಿದೆ. ಕಾರು ಮುಂದಕ್ಕೆ ಚಿಮ್ಮಿದಾಗ ಗುಂಡು ಹಿಂದಕ್ಕೆ ವಾಲುತ್ತದೆ. ವಾಲಿದ ಕೋನದ ಟ್ಯಾಂಜೆಂಟನ್ನು 35ರಿಂದ ಗುಣಿಸಿದರೆ ಪಿಕಪ್ ಸಿಗುತ್ತದೆ. ಸೆಕೆಂಡಿಗೆ 4.5 ಕಿ.ಮೀ. ಪಿಕಪ್ ಇದ್ದರೆ ಗುಂಡು ಏಳು ಡಿಗ್ರಿಗಿಂತ ತುಸು ಹೆಚ್ಚು ವಾಲಬೇಕು. ವಾಲಿತು ನಿಜ, ಆದರೆ ರಸ್ತೆಯ ಪ್ರತಿ ಉಬ್ಬಿಗೂ ತೂಗಾಡಿದ್ದರಿಂದ ಓದಿಕೊಳ್ಳಲು ಆಗಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂದು ಈಗಲೂ ನಂಬಿದ್ದೇನೆ. ನನ್ನ ಕಾರಿನ ದೋಷ ಹಿಡಿಯಲು ಅದು ಸಾಲದು.

ಆಗ ಜೊತೆಯಾದವನು ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನ್ನ ತಮ್ಮನ ಮಗ. ಅವನು ತಂದ ಸಾಮಾನುಗಳು ಇವು: ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಎಂಪಿಯು-6050 ಎಂಬ ವೇಗೋತ್ಕರ್ಷ ಅಳೆಯುವ ಚಿಪ್ಪು, ನಿಯೋ-6ಎಂ ಎಂಬ ಜಿ.ಪಿ.ಎಸ್. ಘಟಕ, ಮೆಮೊರಿ ಕಾರ್ಡ್ ಹಾಕುವ ಸಣ್ಣ ಹಲಗೆ, ಮತ್ತು ಕಾರಿನ ಕಂಪ್ಯೂಟರಿನೊಂದಿಗೆ ಬ್ಲೂಟೂತ್ ಮೂಲಕ ಮಾತಾಡುವ ಇಎಲ್‌ಎಂ327 ಎಂಬ ಪ್ಲಗ್ಗು. ಮೊದಲು ತಂದ ಊನೊ ಎಂಬ ಆರ್ಡುಯಿನೊ ಬೋರ್ಡಿನಲ್ಲಿ ಮಾಹಿತಿ ಸಾಗುವ ಸೀರಿಯಲ್ ದಾರಿ ಒಂದೇ ಇರುವುದರಿಂದ ಜಿ.ಪಿ.ಎಸ್. ಮತ್ತು ಬ್ಲೂಟೂತ್ ಎರಡನ್ನೂ ನೆಚ್ಚಿಕೆಯಿಂದ ನಡೆಸಲಾಗಲಿಲ್ಲ. ನಾಲ್ಕು ಸೀರಿಯಲ್ ದಾರಿಗಳಿರುವ ಮೆಗಾ ಬೋರ್ಡಿಗೆ ಬದಲಾಯಿಸಿದೆವು. ಬಿಡಿಭಾಗಗಳಿಗೆ ಒಟ್ಟು ಮೂರು ಸಾವಿರ ರೂಪಾಯಿಯ ಒಳಗೇ ಖರ್ಚಾಯಿತು. ಮೊದಲ ಓಟದ ದಿನ ರಸ್ತೆಯ ಹಳ್ಳವೊಂದಕ್ಕೆ ಕಾರು ಇಳಿದೆದ್ದಾಗ ಚುಚ್ಚಿದ್ದ ತಂತಿಯೊಂದು ಕಳಚಿ, ಮನೆಗೆ ಬಂದು ನೋಡಿದರೆ ಕಾರ್ಡಿನಲ್ಲಿ ಒಂದಕ್ಷರವೂ ಬರೆದಿರಲಿಲ್ಲ. ಅಂದಿನಿಂದ ಪ್ರತಿ ಜೋಡಣೆಗೂ ಬೆಸುಗೆ ಹಾಕಿಯೇ ಹೊರಟೆವು.

ಎಂಪಿಯು-6050 ಚಿಪ್ಪಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಇಂಥ ಸಾಧನ ಮಾಡುವವರು ಮೊದಲು ಕೈಹಾಕುವುದೂ ಮೊದಲು ಮೋಸಹೋಗುವುದೂ ಇದರಲ್ಲೇ. ಮೊಬೈಲಿನಲ್ಲಿ ಇರುವುದೂ ಇದೇ ಜಾತಿಯ ಚಿಪ್ಪು. ಅದು ಮೂರು ದಿಕ್ಕಿನ ವೇಗೋತ್ಕರ್ಷವನ್ನು ಸೆಕೆಂಡಿಗೆ ನೂರಾರು ಸಲ ಹೇಳುತ್ತದೆ, ಸೂಕ್ಷ್ಮವಾಗಿಯೇ ಹೇಳುತ್ತದೆ. ಆದರೆ ಕಾರು ಮುಂದೆ ಹೋಗುತ್ತಿರುವುದಕ್ಕೂ ಚಿಪ್ಪು ಹಿಂದಕ್ಕೆ ವಾಲಿರುವುದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಚಿಪ್ಪು ಒಂದು ಡಿಗ್ರಿ ವಾಲಿದರೆ ಭೂಮಿಯ ಸೆಳೆತದ 35ರಲ್ಲಿ ಸುಮಾರು 0.6ರಷ್ಟು ಭಾಗ ಪಿಕಪ್ಪಿನ ಲೆಕ್ಕಕ್ಕೆ ಬಂದು ಸೇರುತ್ತದೆ. ಅಳೆಯಬೇಕಾದದ್ದೇ 4.5 ಇರುವಾಗ 0.6 ಎಂದರೆ ನೂರಕ್ಕೆ ಹದಿಮೂರಕ್ಕಿಂತ ಹೆಚ್ಚು. ಆಕ್ಸಿಲರೇಟರ್ ಒತ್ತಿದ ಕೂಡಲೇ ಪ್ರತಿ ಕಾರೂ ಹಿಂದಿನ ಸ್ಪ್ರಿಂಗ್ ಮೇಲೆ ಕುಳಿತು ಮೂತಿ ಎತ್ತುತ್ತದೆ. ಅರ್ಧ ಡಿಗ್ರಿ ಎತ್ತಿದರೂ ನೂರಕ್ಕೆ ಏಳರಷ್ಟು ತಪ್ಪು ಸೇರಿಹೋಯಿತು. ರಸ್ತೆಯ ಇಳಿಜಾರು ಬೇರೆ. ಕಾರು ನಿಂತ ಜಾಗದಲ್ಲಿ ಚಿಪ್ಪಿಗೆ ಸೊನ್ನೆ ಕಲಿಸಿದರೆ ಆ ಜಾಗದ ಇಳಿಜಾರು ಲೆಕ್ಕದಿಂದ ಕಳೆದುಹೋಗುತ್ತದೆ, ಆದರೆ ಐವತ್ತು ಮಾರು ಮುಂದೆ ಇಳಿಜಾರು ಬದಲಾದರೆ ಮತ್ತೆ ತಪ್ಪು. ನಮ್ಮ ಮಲೆನಾಡಿನಲ್ಲಿ ಇಳಿಜಾರು ಬದಲಾಗದ ರಸ್ತೆ ಎಲ್ಲಿದೆ?

ಅದರ ಮೇಲೆ ಎಂಜಿನ್ನಿನ ನಡುಕ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 900 ಸುತ್ತು ಸುಮ್ಮನೆ ತಿರುಗುತ್ತಿರುವಾಗಲೇ ಸೆಕೆಂಡಿಗೆ 30 ಸಲ ಉರಿಯುತ್ತದೆ, ಆ ನಡುಕ ಡ್ಯಾಶ್‌ಬೋರ್ಡಿನ ತನಕ ಬರುತ್ತದೆ. ಚಿಪ್ಪನ್ನು ಅಂಟುಪಟ್ಟಿಯಿಂದ ಡ್ಯಾಶ್‌ಬೋರ್ಡಿಗೆ ಅಂಟಿಸಿದಾಗ ಬಂದ ನಕ್ಷೆಯಲ್ಲಿ ಹಲ್ಲಿನ ಸಾಲು ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಅಟ್ಟದ ಮೇಲಿದ್ದ ಹಲಸಿನ ಹಲಗೆಯ ತುಂಡೊಂದನ್ನು ಕತ್ತರಿಸಿ, ಹ್ಯಾಂಡ್‌ಬ್ರೇಕ್ ಬುಡದಲ್ಲಿ, ಅಂದರೆ ಕಾರಿನ ನಡುಭಾಗಕ್ಕೆ ಹತ್ತಿರದಲ್ಲಿ, ಅಲ್ಲಿದ್ದ ಬೋಲ್ಟಿಗೇ ಬಿಗಿದು, ಅದರ ಮೇಲೆ ಚಿಪ್ಪನ್ನು ಸ್ಕ್ರೂ ಹಾಕಿ ಕೂರಿಸಿದೆವು. ಚಿಪ್ಪಿನೊಳಗೇ ಇರುವ ಸೋಸುವ ವ್ಯವಸ್ಥೆಯನ್ನು 10 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ ಹತ್ತು ಸಲಕ್ಕಿಂತ ವೇಗದ ನಡುಕವನ್ನು ತಡೆಯುವಂತೆ, ಇಳಿಸಿದೆವು. ನಕ್ಷೆ ಆಗ ನಯವಾಯಿತು.

ಜಿ.ಪಿ.ಎಸ್. ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸ್ಥಳವನ್ನೇ ಎರಡು ಮೂರು ಮೀಟರ್ ಆಚೀಚೆ ತೋರಿಸುವ ಸಾಧನ ವೇಗವನ್ನು ಹೇಗೆ ಸರಿಯಾಗಿ ಹೇಳೀತು ಎಂದು ಕೇಳುತ್ತಾರೆ. ಅದು ವೇಗವನ್ನು ಸ್ಥಳದಿಂದ ಲೆಕ್ಕ ಹಾಕುವುದಿಲ್ಲ. ಹತ್ತಿರ ಬರುವ ರೈಲಿನ ಸಿಳ್ಳೆಯ ಸ್ವರ ಏರಿ, ದೂರ ಹೋಗುವಾಗ ಇಳಿಯುವಂತೆ, ಉಪಗ್ರಹದ ಸಂಕೇತದ ಆವರ್ತನ ನಮ್ಮ ಚಲನೆಯಿಂದ ಎಷ್ಟು ಬದಲಾಯಿತು ಎಂಬುದನ್ನು ನೋಡಿ ನೇರವಾಗಿ ವೇಗ ಹೇಳುತ್ತದೆ. ಇದೇ ಡಾಪ್ಲರ್ ಪರಿಣಾಮ. ಬಯಲಿನಲ್ಲಿ ಅದರ ವೇಗದ ತಪ್ಪು ಗಂಟೆಗೆ ಅರ್ಧ ಕಿ.ಮೀ.ನ ಒಳಗೇ ಇರುತ್ತದೆ. ಆದರೆ ಕೊಳ್ಳುವಾಗ ಘಟಕ ಸೆಕೆಂಡಿಗೆ ಒಂದೇ ಸಲ ವರದಿ ಮಾಡುತ್ತದೆ. ನಿಯೋ-6ಎಂ ಅನ್ನು ಸೆಕೆಂಡಿಗೆ ಐದು ಸಲ ವರದಿ ಮಾಡುವಂತೆ ಹೊಂದಿಸಬೇಕು, ಬೇಡದ ಸಾಲುಗಳನ್ನು ನಿಲ್ಲಿಸಬೇಕು, 9600 ಇರುವ ಸೀರಿಯಲ್ ವೇಗವನ್ನು ಏರಿಸಬೇಕು. ಇಲ್ಲದಿದ್ದರೆ ಮಾಹಿತಿ ಒಂದರ ಮೇಲೊಂದು ಬಿದ್ದು ಕೆಡುತ್ತದೆ. ವೇಗ ನಾಟ್ ಎಂಬ ಮಾನದಲ್ಲಿ ಬರುತ್ತದೆ, 1.852ರಿಂದ ಗುಣಿಸಿದರೆ ಕಿ.ಮೀ. ಆಗುತ್ತದೆ. ಬಯಲಿನಲ್ಲಿ ಇದು ನಂಬಿಕಸ್ಥ ಸಾಕ್ಷಿ. ಮಂಡಗದ್ದೆ ದಾಟಿ ಮರಗಳು ರಸ್ತೆಯ ಮೇಲೆ ಕೂಡಿಕೊಂಡ ಕಡೆ ಉಪಗ್ರಹಗಳು ಒಂದೊಂದಾಗಿ ಮರೆಯಾಗಿ ಅಂಕಿಗಳು ಹಾರಾಡತೊಡಗುತ್ತವೆ.

ಮೂರನೆಯ ಸಾಕ್ಷಿ ಕಾರಿನೊಳಗೇ ಇದೆ. ಇತ್ತೀಚಿನ ಕಾರುಗಳ ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನುಗಳ ಒ.ಬಿ.ಡಿ. ಸಾಕೆಟ್ ಇರುತ್ತದೆ. ಮೆಕ್ಯಾನಿಕ್‌ಗಳು ಸ್ಕ್ಯಾನರ್ ಚುಚ್ಚುವುದು ಅಲ್ಲಿಯೇ. ಅಲ್ಲಿಂದ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನೂ ಕಾರಿನ ವೇಗವನ್ನೂ ಕೇಳಿ ಪಡೆಯಬಹುದು. ವೇಗ ಬರುವುದು ದಶಮಾಂಶವಿಲ್ಲದ ಪೂರ್ಣಾಂಕದಲ್ಲಿ, ಅದೂ ಚಕ್ರ ತಿರುಗಿದ ಲೆಕ್ಕದಲ್ಲಿ. ಟೈರು ಸವೆದಿದ್ದರೆ ನೂರಕ್ಕೆ ಒಂದೆರಡು ಹೆಚ್ಚೇ ಹೇಳುತ್ತದೆ. ಆದರೆ ಮರದ ನೆರಳಾಗಲಿ ಇಳಿಜಾರಾಗಲಿ ಅದನ್ನು ತಟ್ಟುವುದಿಲ್ಲ.

ಹೀಗೆ ಮೂರೂ ಸಾಕ್ಷಿಗಳಿಗೆ ಒಂದೊಂದು ಊನವಿದೆ, ಮತ್ತು ಒಂದರ ಊನ ಇನ್ನೊಂದಕ್ಕಿಲ್ಲ. ಬಯಲಿನಲ್ಲಿ ಜಿ.ಪಿ.ಎಸ್. ಹೇಳಿದ ವೇಗದಿಂದ ಒ.ಬಿ.ಡಿ.ಯ ವೇಗವನ್ನು ತಿದ್ದಿಕೊಂಡೆವು. ಓಟದ ಮೊದಲ ಮತ್ತು ಕೊನೆಯ ವೇಗವನ್ನು ಜಿ.ಪಿ.ಎಸ್.ನಿಂದ ತೆಗೆದುಕೊಂಡು, ಅದಕ್ಕೆ ಹೊಂದುವಂತೆ ಚಿಪ್ಪಿನ ವಾಲುವಿಕೆಯನ್ನು ಕಳೆದೆವು, ಜಿ.ಪಿ.ಎಸ್.ನ ಎರಡು ವರದಿಗಳ ನಡುವೆ ಏನಾಯಿತೆಂಬುದನ್ನು ಚಿಪ್ಪಿನಿಂದ ತುಂಬಿಕೊಂಡೆವು. ಮೆಮೊರಿ ಕಾರ್ಡಿಗೆ ಬರೆಯುವಾಗ ಬೋರ್ಡು ಆಗಾಗ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತಡೆಯುತ್ತಿತ್ತು. ಅದಕ್ಕಾಗಿ ಪ್ರತಿ ಸಾಲಿನ ಆರಂಭದಲ್ಲೂ ಅಳತೆ ತೆಗೆದ ಕ್ಷಣವನ್ನು ಮಿಲಿಸೆಕೆಂಡಿನಲ್ಲಿ ಬರೆಸಿದೆವು. ಈ ಒಂದು ಎಚ್ಚರ ಇಲ್ಲದಿದ್ದರೆ ಉಳಿದೆಲ್ಲ ಶ್ರಮ ವ್ಯರ್ಥವಾಗುತ್ತಿತ್ತು.

ಓಟಕ್ಕೆ ಸಾರ್ವಜನಿಕ ರಸ್ತೆಯನ್ನು ನಾವು ಬಳಸಲಿಲ್ಲ. ನಗರದ ಹೊರಗೆ ನಿವೇಶನಗಳು ಮಾರಾಟವಾಗಿ ಮನೆಗಳು ಇನ್ನೂ ಏಳದ ಖಾಸಗಿ ಬಡಾವಣೆಯೊಂದರಲ್ಲಿ ಡಾಂಬರು ಹಾಕಿದ ನೇರ ರಸ್ತೆಯಿದೆ. ಮಾಲೀಕರ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆ ಆರೂವರೆಗೆ, ದನಕರು ಬಾರದಂತೆ ಎರಡೂ ತುದಿಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ ಓಡಿಸಿದೆವು. ಟೈರಿನ ಗಾಳಿ, ಟ್ಯಾಂಕಿನ ಪೆಟ್ರೋಲು, ಒಳಗೆ ಕುಳಿತವರು ಎಲ್ಲ ಓಟಕ್ಕೂ ಒಂದೇ. ಎ.ಸಿ. ಹಾಕಿಯೇ ಅಳೆದೆವು, ಏಕೆಂದರೆ ಮಳೆಗಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡಿಸುವುದೇ ಹಾಗೆ. ಮೂರನೇ ಗೇರಿನಲ್ಲಿ 25ರಲ್ಲಿ ಸ್ಥಿರವಾಗಿ ಬಂದು, ಆಕ್ಸಿಲರೇಟರ್ ಪೂರ್ತಿ ಒತ್ತಿ, 60 ದಾಟಿದ ಮೇಲೆ ಕಾಲು ತೆಗೆಯುವುದು. ಒಂದು ಸಲ ಈ ಕಡೆಯಿಂದ, ಒಂದು ಸಲ ಆ ಕಡೆಯಿಂದ.

ಎರಡೂ ಕಡೆಯಿಂದ ಓಡಿಸಲೇಬೇಕು. ಕಣ್ಣಿಗೆ ಮಟ್ಟಸವಾಗಿ ಕಂಡ ಆ ರಸ್ತೆಯಲ್ಲಿ, ಮುಂದೆ ಕಾರು ಸರಿಯಾದ ಮೇಲೆ, 30ರಿಂದ 60ಕ್ಕೆ ಏರಲು ಒಂದು ಕಡೆಗೆ 6.1 ಸೆಕೆಂಡ್ ಬಂದರೆ ಇನ್ನೊಂದು ಕಡೆಗೆ 7.4 ಬಂದಿತು. ಲೆಕ್ಕ ಹಾಕಿದರೆ ರಸ್ತೆ ನೂರು ಮೀಟರಿಗೆ 1.2 ಮೀಟರಿನಷ್ಟು ಏರಿದೆ ಎಂದಾಯಿತು. ಒಂದೇ ಕಡೆಯ ಓಟವನ್ನು ನಂಬಿದ್ದರೆ ಕಾರಿಗೆ ಇಲ್ಲದ ಶಕ್ತಿಯನ್ನೋ ಇಲ್ಲದ ದೋಷವನ್ನೋ ಹೊರಿಸುತ್ತಿದ್ದೆವು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಸರಾಸರಿ ತೆಗೆಯಬೇಕಾದದ್ದು ಎರಡು ಸಮಯಗಳದ್ದಲ್ಲ, ಎರಡು ಪಿಕಪ್ಪುಗಳದ್ದು. ಇಳಿಜಾರು ಕೂಡಿಸುವುದೂ ಕಳೆಯುವುದೂ ಪಿಕಪ್ಪಿಗೇ ಹೊರತು ಸಮಯಕ್ಕಲ್ಲ.

ಕಾರು ಸರಿಯಾಗುವ ಮೊದಲು ಅಳೆದಾಗ ಎರಡು ಕಡೆಯ ಸರಾಸರಿಯಿಂದ ಬಂದದ್ದು 8.6 ಸೆಕೆಂಡ್, ಅಂದರೆ ಸೆಕೆಂಡಿಗೆ 3.5 ಕಿ.ಮೀ. ಅದು ಕಡಿಮೆಯೋ ಸರಿಯೋ ಹೇಳಲು ನಮ್ಮಲ್ಲಿ ಹಳೆಯ ಅಳತೆ ಇರಲಿಲ್ಲ. ದೋಷವನ್ನು ತೋರಿಸಿಕೊಟ್ಟದ್ದು ಇನ್ನೊಂದು ಲೆಕ್ಕ. ಗೇರ್ ಬದಲಿಸದೆ ಓಡುವಾಗ ಎಂಜಿನ್ನಿನ ಸುತ್ತನ್ನು ಕಾರಿನ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆ ಬದಲಾಗಬಾರದು, ಏಕೆಂದರೆ ಎಂಜಿನ್ನಿನ ತಿರುಗುವಿಕೆಯನ್ನು ಹಿಡಿದು ಗೇರುಗಳಿಗೆ ದಾಟಿಸುವ ಕ್ಲಚ್ ಬಿಟ್ಟರೆ ನಡುವೆ ಇರುವುದೆಲ್ಲ ಹಲ್ಲಿನ ಚಕ್ರಗಳು. ನಿಧಾನವಾಗಿ ಓಡಿಸಿದಾಗ ಮೂರನೇ ಗೇರಿನಲ್ಲಿ ಅದು 40ರಲ್ಲೂ 50ರಲ್ಲೂ 60ರಲ್ಲೂ 49 ಇತ್ತು. ತೋಟಕ್ಕೆ ಹೋಗುವಾಗ ನಾಲ್ಕು ಜನರನ್ನು ಕೂರಿಸಿಕೊಂಡು, ನಮ್ಮ ಸಾಧನದ ಪೆಟ್ಟಿಗೆ ತನ್ನಷ್ಟಕ್ಕೆ ಅಂಕಿಗಳನ್ನು ಬರೆದುಕೊಳ್ಳುವಂತೆ ಬಿಟ್ಟು, ಎಂದಿನಂತೆ ಏರು ಹತ್ತಿದೆ. ರಾತ್ರಿ ತಮ್ಮನ ಮಗ ಆ ಸಾಲುಗಳನ್ನು ನಕ್ಷೆ ಮಾಡಿದ. ಒಟ್ಟಿಗೇ ಏರಬೇಕಾದ ಎರಡು ಗೆರೆಗಳು ಒಂದು ಕಡೆ ಬೇರೆಯಾಗಿ, ಎಂಜಿನ್ನಿನ ಗೆರೆ ಮೇಲಕ್ಕೆ ಬಿಲ್ಲಿನಂತೆ ಬಾಗಿ, ನಾನು ಕಾಲು ಸಡಿಲಿಸಿದ ಜಾಗದಲ್ಲಿ ಮತ್ತೆ ಬಂದು ಕೂಡಿಕೊಂಡಿದ್ದವು. 50 ಕಿ.ಮೀ. ವೇಗದಲ್ಲಿ 2450 ಸುತ್ತು ಇರಬೇಕಾದಲ್ಲಿ 2800 ಇತ್ತು. 49 ಇರಬೇಕಾದ ಸಂಖ್ಯೆ 56 ಆಗಿತ್ತು. ಕ್ಲಚ್ ಜಾರುತ್ತಿತ್ತು. ಹಗುರವಾಗಿ ಓಡಿಸಿದಾಗ ಅದು ಜಾರುವುದಿಲ್ಲ, ಆದ್ದರಿಂದಲೇ ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದವರಿಗೆ ಎಲ್ಲ ಸರಿಯಾಗಿಯೇ ಕಂಡಿರಬೇಕು.

ಆ ನಕ್ಷೆಯನ್ನು ಅಚ್ಚು ತೆಗೆದು ಬೇರೊಬ್ಬ ಹಿರಿಯ ಮೆಕ್ಯಾನಿಕ್ ಬಳಿ ಒಯ್ದೆ. ಅವರು ಎರಡು ನಿಮಿಷ ನೋಡಿ, ಎರಡು ಗೆರೆಗಳು ಅಗಲಿದ ಜಾಗದ ಮೇಲೆ ಬೆರಳಿಟ್ಟು, ಇದು ಯಾವ ಗೇರ್ ಎಂದು ಮಾತ್ರ ಕೇಳಿದರು. ಬಿಚ್ಚಿದಾಗ ಕ್ಲಚ್ ಪ್ಲೇಟಿನ ರಿವೆಟ್ಟುಗಳ ತಲೆ ಮೇಲ್ಮೈಗೆ ಸಮನಾಗಿ ಬಂದಿತ್ತು, ಪ್ಲೇಟ್ ಅಷ್ಟು ಸವೆದಿತ್ತು. ಹೊಸ ಪ್ಲೇಟ್ ಹಾಕಿಸಿ, ಮುಂದಿನ ಭಾನುವಾರ ಅದೇ ಬಡಾವಣೆಯಲ್ಲಿ ಅದೇ ರೀತಿ ಓಡಿಸಿದಾಗ ಎರಡು ಕಡೆಯ ಸರಾಸರಿಯಿಂದ ಬಂದದ್ದು 6.7 ಸೆಕೆಂಡ್, ಅಂದರೆ ಸೆಕೆಂಡಿಗೆ 4.5 ಕಿ.ಮೀ.

8.6 ಎಲ್ಲಿ, 6.7 ಎಲ್ಲಿ, ಎರಡು ಸೆಕೆಂಡಿನಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಅವರಿಗಾಗಿ ಈ ಲೆಕ್ಕ. 30ರಲ್ಲಿ ಹೋಗುತ್ತಿರುವ ಲಾರಿಯನ್ನು ದಾಟಲು, ಹಿಂದಿನ ಅಂತರ, ಲಾರಿಯ ಉದ್ದ, ಮುಂದಿನ ಅಂತರ, ನಮ್ಮ ಕಾರಿನ ಉದ್ದ ಎಲ್ಲ ಸೇರಿ ಅದಕ್ಕಿಂತ 45 ಮೀಟರ್ ಹೆಚ್ಚು ಸಾಗಬೇಕು ಎಂದಿಟ್ಟುಕೊಳ್ಳೋಣ. ಎದುರಿನಿಂದ ಬರುವ ವಾಹನ 50ರಲ್ಲಿದೆ ಎನ್ನೋಣ. ಮಟ್ಟಸ ರಸ್ತೆ, ಹಗುರವಾದ ಕಾರು, ಪಿಕಪ್ 4.5 ಇದ್ದರೆ ದಾಟಲು ಎಂಟೂವರೆ ಸೆಕೆಂಡ್ ಬೇಕು, ಅಷ್ಟರಲ್ಲಿ ನಾವೂ ಎದುರಿನವರೂ ಕೂಡಿ ಸುಮಾರು 235 ಮೀಟರ್ ರಸ್ತೆಯನ್ನು ಬಳಸಿಬಿಡುತ್ತೇವೆ. 3.5 ಇದ್ದರೆ 260 ಮೀಟರ್. ಇಲ್ಲಿಯವರೆಗೆ ವ್ಯತ್ಯಾಸ ದೊಡ್ಡದಲ್ಲ. ಈಗ ಕಾರಿನ ತೂಕ ಒಂದೂ ಕಾಲಿಗಿಂತ ಹೆಚ್ಚಾಗಿ 1.3 ಪಟ್ಟು ಆಗಲಿ, ರಸ್ತೆ ಇಪ್ಪತ್ತಕ್ಕೆ ಒಂದರಂತೆ ಏರಲಿ. ತೂಕದಿಂದ 4.5 ಇಳಿದು ಸುಮಾರು 3.5 ಆಗುತ್ತದೆ, ಏರು ಅದರಿಂದ ಇನ್ನೂ 1.8ರಷ್ಟನ್ನು ಕಸಿದುಕೊಂಡು 1.7 ಉಳಿಸುತ್ತದೆ. ದಾಟಲು ಹದಿನಾಲ್ಕು ಸೆಕೆಂಡ್, ರಸ್ತೆ 350 ಮೀಟರ್. ಕ್ಲಚ್ ಜಾರುವ ಕಾರಿನಲ್ಲಿ ಇದೇ ತೂಕ, ಇದೇ ಏರಿಗೆ ಉಳಿಯುವುದು 0.9 ಮಾತ್ರ, ದಾಟಲು ಹತ್ತಿರ ಹತ್ತೊಂಬತ್ತು ಸೆಕೆಂಡ್, ರಸ್ತೆ 460 ಮೀಟರ್. ಮಟ್ಟಸದಲ್ಲಿ 25 ಮೀಟರಿನಷ್ಟಿದ್ದ ವ್ಯತ್ಯಾಸ ಏರಿನಲ್ಲಿ 110 ಮೀಟರ್ ಆಯಿತು. ಇದು ಸ್ಥೂಲ ಲೆಕ್ಕ, ಗಾಳಿಯ ತಡೆಯನ್ನು ಬೇರೆಯಾಗಿ ಹಿಡಿದಿಲ್ಲ. ಆದರೂ ನಮ್ಮ ದಾರಿಯಲ್ಲಿ 460 ಮೀಟರ್ ಮುಂದೆ ಕಣ್ಣಿಗೆ ಕಾಣುವ ಜಾಗ ಎಷ್ಟಿವೆ ಎಂದು ಓದುಗರು ತಮ್ಮ ತಮ್ಮ ಊರಿನ ರಸ್ತೆಯನ್ನು ಮನಸ್ಸಿಗೆ ತಂದುಕೊಂಡು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಹೆದ್ದಾರಿ ಅಗಲವಾಗಿರುವ ಕಡೆಗಳಲ್ಲಿ ರಾತ್ರಿ ಹೊತ್ತು ಹುಡುಗರು ಮೊಬೈಲನ್ನು ಗಾಜಿಗೆ ಅಂಟಿಸಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂದು ನೋಡುತ್ತ ಓಡಿಸುವುದನ್ನು ನಾನು ಕಂಡಿದ್ದೇನೆ. ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವಾಹನಗಳ ನಡುವೆ ಪಂದ್ಯ ಅಥವಾ ವೇಗದ ಪರೀಕ್ಷೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಕಾನೂನನ್ನು ಬದಿಗಿಟ್ಟು ಅಳತೆಯ ದೃಷ್ಟಿಯಿಂದ ನೋಡಿದರೂ ಅವರ ಶ್ರಮಕ್ಕೆ ಫಲವಿಲ್ಲ. ಗಾಜಿಗೆ ಅಂಟಿಸಿದ ಮೊಬೈಲಿನ ಚಿಪ್ಪು ಕಾರಿನ ಮೂತಿ ಎದ್ದದ್ದನ್ನೂ ಪಿಕಪ್ ಎಂದೇ ಎಣಿಸುತ್ತದೆ, ಒಂದೇ ಕಡೆಯ ಓಟದಲ್ಲಿ ರಸ್ತೆಯ ಇಳಿಜಾರು ಸೇರಿಕೊಳ್ಳುತ್ತದೆ. 100ರಿಂದ ನಿಲ್ಲಿಸಲು ಬೇಕಾದ ದೂರ 60ರಿಂದ ನಿಲ್ಲಿಸಲು ಬೇಕಾದದ್ದರ ಸುಮಾರು 2.8 ಪಟ್ಟು. 30ರಿಂದ 60ರ ಪರೀಕ್ಷೆಗೆ ಹೊರಡುವ ದೂರ, ಓಟದ ದೂರ, ನಿಲ್ಲುವ ದೂರ ಎಲ್ಲ ಸೇರಿ ಇನ್ನೂರು ಮೀಟರ್ ಸಾಲುತ್ತದೆ, ಜೋಪಾನಕ್ಕೆ ಇನ್ನೊಂದು ನೂರು ಸೇರಿಸಿದರೆ ಮುನ್ನೂರು.

ಆದ್ದರಿಂದ ನನ್ನ ಮನವಿ ಇಷ್ಟು. ಶಿವಮೊಗ್ಗದಲ್ಲಿ ಪಾಲಿಟೆಕ್ನಿಕ್‌ಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಕೈಗಾರಿಕಾ ಪ್ರದೇಶಗಳಲ್ಲಿ ಭಾನುವಾರ ಲಾರಿ ಓಡಾಡದ ನೇರ ರಸ್ತೆಗಳಿವೆ. ಜಿಲ್ಲಾಡಳಿತ ಮತ್ತು ಸಂಚಾರ ಪೊಲೀಸರು ಮನಸ್ಸು ಮಾಡಿದರೆ, ಅಂಥ ಒಂದು ರಸ್ತೆಯ ಮುನ್ನೂರು ಮೀಟರನ್ನು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಎರಡೂ ತುದಿ ಮುಚ್ಚಿ, ವಿದ್ಯಾರ್ಥಿಗಳು ತಾವು ಮಾಡಿದ ಸಾಧನದಿಂದ ಊರಿನವರ ಕಾರುಗಳನ್ನು ಅಳೆದುಕೊಡುವ ಏರ್ಪಾಡು ಮಾಡಬಹುದು. ಒಂದು ಸಲಕ್ಕೆ ಒಂದೇ ಕಾರು, 60 ದಾಟಬಾರದು, ಎರಡು ಕಡೆಯ ಓಟ, ಕೈಗೆ ಒಂದು ಚೀಟಿ. ಅದೇ ಚೀಟಿಯನ್ನು ಆರು ತಿಂಗಳಿಗೊಮ್ಮೆ ಹೋಲಿಸಿ ನೋಡಿದರೆ ಕ್ಲಚ್ ಜಾರುವುದು, ಬ್ರೇಕ್ ಹಿಡಿದುಕೊಂಡಿರುವುದು, ಎಂಜಿನ್ ಸೋತಿರುವುದು ಮೊದಲೇ ತಿಳಿಯುತ್ತದೆ. ನಿಮ್ಮ ವಾಹನ ಪುಟದವರೂ ಹೊಸ ಕಾರನ್ನು ಪರಿಚಯಿಸುವಾಗ ನಾಲ್ಕು ಜನರನ್ನು ಕೂರಿಸಿ ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಬೇಕಾದ ಸಮಯವನ್ನು ಅಳೆದು ಪ್ರಕಟಿಸಿದರೆ ಮಲೆನಾಡಿನ ಓದುಗರಿಗೆ ಉಪಕಾರವಾಗುತ್ತದೆ.

ಸಾಧನದ ತಂತಿ ಜೋಡಣೆಯ ಚಿತ್ರ, ಪ್ರೋಗ್ರಾಂ, ಎಂಟು ಓಟಗಳ ಪೂರ್ತಿ ಅಂಕಿಗಳು, ಮತ್ತು ಕ್ಲಚ್ ಜಾರಿದ ದಿನದ ನಕ್ಷೆ ಇವನ್ನು ಈ ಪತ್ರದೊಂದಿಗೆ ನಿಮ್ಮ ಕಚೇರಿಗೆ ಕಳುಹಿಸುತ್ತಿದ್ದೇನೆ. ಕೇಳಿದವರಿಗೆ ದಯವಿಟ್ಟು ಪ್ರತಿ ಕೊಡಿ. ಯಾವುದಾದರೂ ಕಾಲೇಜಿನವರು ಕರೆದರೆ ಹಲಸಿನ ಹಲಗೆಯ ಸಮೇತ ಪೆಟ್ಟಿಗೆಯನ್ನು ತಂದು, ಅವರ ಮೈದಾನದಲ್ಲೇ ಹೇಗೆ ಸೊನ್ನೆ ಹೊಂದಿಸಬೇಕು ಎಂಬುದರಿಂದ ತೊಡಗಿ ಎಲ್ಲವನ್ನೂ ತೋರಿಸಿಕೊಡಲು ನಾವಿಬ್ಬರೂ ಸಿದ್ಧರಿದ್ದೇವೆ.

ಇಂತಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕಿ
ವಿನೋಬನಗರ, ಶಿವಮೊಗ್ಗ